ರ‍್ಯಾಡಿಕಲ್: ಕೋಡಿನ ಜೊತೆಗೆ ಚರ್ಚೆಯೂ ನಮ್ಮ ಕೈಯಲ್ಲಿ

ಕನ್ನಡದ ಕಾಗುಣಿತ ಪರೀಕ್ಷಿಸುವ ಚಿಕ್ಕದೊಂದು ಮುಕ್ತ ತಂತ್ರಾಂಶವನ್ನು ಬೆಂಗಳೂರಿನ ನಾವು ಕೆಲವು ಗೆಳೆಯರು ಬಿಡುವಿನಲ್ಲಿ ನೋಡಿಕೊಳ್ಳುತ್ತೇವೆ. 2024ರ ಸೆಪ್ಟೆಂಬರ್‌ನಲ್ಲಿ ರ‍್ಯಾಡಿಕಲ್‌ನ 1.0 ಆವೃತ್ತಿ ಬಂದ ಮೇಲೆ ಅದನ್ನು ಅಲ್ಲಿಗೆ ಸಾಗಿಸಿದೆವು. ರ‍್ಯಾಡಿಕಲ್ ಎಂದರೆ ಯಾವುದೇ ಕಂಪನಿಯ ಕೇಂದ್ರ ಸರ್ವರ್ ಇಲ್ಲದೆ, ಬಳಸುವವರ ಕಂಪ್ಯೂಟರುಗಳ ನಡುವೆಯೇ ಕೋಡ್ ಹಂಚಿಕೊಳ್ಳುವ ವ್ಯವಸ್ಥೆ.

ಕೋಡ್ ಕಳೆದುಹೋದೀತೆಂಬ ಭಯ ನನಗೆ ಎಂದೂ ಇರಲಿಲ್ಲ, ಏಕೆಂದರೆ ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ಕ್ಲೋನ್ (ಪೂರ್ತಿ ನಕಲು) ಮಾಡಿಕೊಂಡ ಎಲ್ಲರ ಬಳಿಯೂ ಅದರ ಇತಿಹಾಸವಿರುತ್ತದೆ. ಭಯವಿದ್ದದ್ದು ಚರ್ಚೆಯ ಬಗ್ಗೆ. ಅರ್ಕಾವತ್ತಿನ ಪದಗಳನ್ನು ಹೇಗೆ ಹೋಲಿಸಬೇಕೆಂದು ನಡೆದ ವಾದ, ಕೈಬಿಟ್ಟ ತಿದ್ದುಪಡಿ, ಕೈಬಿಟ್ಟದ್ದಕ್ಕೆ ಕೊಟ್ಟ ಕಾರಣ, ಇವೆಲ್ಲ ಯಾವುದೋ ಕಂಪನಿಯ ಡೇಟಾಬೇಸಿನಲ್ಲಿರುತ್ತವೆ. 2014ರ ಡಿಸೆಂಬರ್ ಕೊನೆಯಲ್ಲಿ ಭಾರತದಲ್ಲಿ ಸರ್ಕಾರದ ಆದೇಶದಿಂದ 32 ಜಾಲತಾಣಗಳಿಗೆ ತಡೆ ಬಿದ್ದಾಗ ಕೋಡ್ ಇಡುವ ತಾಣವಾದ ಗಿಟ್‌ಹಬ್ ಕೂಡ ಆ ಪಟ್ಟಿಯಲ್ಲಿತ್ತು. 2016ರಲ್ಲಿ ಅಂಥದೇ ಇನ್ನೊಂದು ತಾಣ ಗೂಗಲ್ ಕೋಡ್ ಮುಚ್ಚಿಯೇ ಹೋಯಿತು.

ರ‍್ಯಾಡಿಕಲ್‌ನಲ್ಲಿ ದೂರುಗಳೂ ಪ್ಯಾಚ್‌ಗಳೂ (ಕಳಿಸಿದ ತಿದ್ದುಪಡಿಗಳೂ) ಬರೆದವರ ಕೀಲಿಯ, ಅಂದರೆ ಅವರ ಗುರುತು ಸಾರುವ ಗುಪ್ತ ಸಂಕೇತದ, ಸಹಿಯೊಂದಿಗೆ ಅದೇ ಗಿಟ್ ಭಂಡಾರದೊಳಗೆ ಕೂರುತ್ತವೆ. ಇದರ ಸುಖ ನನಗೆ ತಿಳಿದದ್ದು ದಿನದ ಓಡಾಟದಲ್ಲಿ. ಮನೆಯಿಂದ ಹೊರಡುವ ಮುನ್ನ ‘ರ‍್ಯಾಡ್ ಸಿಂಕ್’ ಎಂಬ ಆದೇಶವನ್ನು ಒಮ್ಮೆ ಕೊಟ್ಟರೆ ಸಾಕು, ಹೊಸದೆಲ್ಲ ನನ್ನ ಕಂಪ್ಯೂಟರಿಗೆ ಬಂದುಬಿಡುತ್ತದೆ. ನೇರಳೆ ಮಾರ್ಗದ ಮೆಟ್ರೊ ಮೆಜೆಸ್ಟಿಕ್ ದಾಟಿ ಕಬ್ಬನ್ ಪಾರ್ಕಿನವರೆಗೆ ನೆಲದಡಿಯಲ್ಲಿ ಸಾಗುವಾಗ ನೆಟ್‌ವರ್ಕ್ ಇಲ್ಲದಿದ್ದರೂ ಗೆಳೆಯರ ಪ್ಯಾಚ್ ತೆರೆದು, ಅದರ ಹಳೆಯ ಪರಿಷ್ಕರಣೆಯನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿಟ್ಟು ಓದಿ, ಅಲ್ಲೇ ಅಭಿಪ್ರಾಯ ಬರೆದಿಡುತ್ತೇನೆ. ಕಚೇರಿ ತಲುಪಿ ಇಂಟರ್ನೆಟ್ ಸಿಕ್ಕಾಗ ಅದು ಅವರಿಗೆ ತಲುಪುತ್ತದೆ. ಹೀಗೆ ಸಾವಧಾನವಾಗಿ ಓದಿದಷ್ಟು ಚೆನ್ನಾಗಿ ನಾನು ಬೇರೆಯವರ ಕೋಡನ್ನು ಹಿಂದೆಂದೂ ಓದಿರಲಿಲ್ಲ.

ಬೇಸರವಿರುವುದು ಹೊಸಬರ ವಿಷಯದಲ್ಲಿ, ಅದೂ ಸಣ್ಣ ಬೇಸರವಲ್ಲ. ನಮ್ಮಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಎಂಜಿನಿಯರಿಂಗ್ ವಿದ್ಯಾರ್ಥಿಗಳು. ಬ್ರೌಸರಿನಲ್ಲಿ ಎಲ್ಲವನ್ನೂ ಓದಬಹುದಾದರೂ ಒಂದು ಸಾಲಿನ ದೂರು ಬರೆಯಲು ಸಹ ಅವರು ಸ್ವಂತ ನೋಡ್ (ತಮ್ಮ ಕಂಪ್ಯೂಟರಿನಲ್ಲೇ ಓಡುವ ರ‍್ಯಾಡಿಕಲ್ ತಂತ್ರಾಂಶ) ಸ್ಥಾಪಿಸಿ ಕೀಲಿ ಮಾಡಿಕೊಳ್ಳಬೇಕು. ವಿಂಡೋಸ್ ಲ್ಯಾಪ್‌ಟಾಪ್ ಇದ್ದವರಿಗೆ, ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ ಹಾಕಿಕೊಳ್ಳಿ ಎಂದು ಹೇಳಬೇಕಾಯಿತು. ಅಲ್ಲಿಗೇ ಹಲವರು ಹಿಂದೆ ಸರಿದರು. ಕೀಲಿ ಕಳೆದುಕೊಂಡರೆ ಪಾಸ್‌ವರ್ಡ್ ಮರಳಿ ಕೊಡಿಸುವ ಕಚೇರಿಯೂ ಇಲ್ಲ.

ಖರ್ಚಿನ ಮಾತೂ ಇದೆ. ನನ್ನ ಮನೆಯ ಬ್ರಾಡ್‌ಬ್ಯಾಂಡ್‌ನಲ್ಲಿ ಸ್ವಂತ ಸಾರ್ವಜನಿಕ ಐಪಿ ವಿಳಾಸ ಸಿಗುವುದಿಲ್ಲವಾದ್ದರಿಂದ ಹೊರಗಿನವರು ನನ್ನ ನೋಡನ್ನು ನೇರವಾಗಿ ತಲುಪಲಾರರು. ಪ್ರತಿಗಳನ್ನು ಇಟ್ಟುಕೊಂಡು ಸದಾ ಹಂಚುವ ಸಾರ್ವಜನಿಕ ಸೀಡ್ ನೋಡ್‌ಗಳು ಉಚಿತವಾಗಿ ಸಿಗುತ್ತವೆ, ಆದರೂ ನಮ್ಮದೇ ಒಂದಿರಲಿ ಎಂದು ಚಿಕ್ಕ ಸರ್ವರ್ ಬಾಡಿಗೆಗೆ ಪಡೆದು ಗೆಳೆಯರೆಲ್ಲ ಹಣ ಹಂಚಿಕೊಳ್ಳುತ್ತಿದ್ದೇವೆ.

ಈಗ ಹೊಸಬರಿಗಾಗಿ ಬರ್ಲಿನ್‌ನ ಲಾಭರಹಿತ ಸಂಘವೊಂದು ನಡೆಸುವ ಕೋಡ್ ತಾಣವಾದ ಕೋಡ್‌ಬರ್ಗ್‌ನಲ್ಲಿ ಒಂದು ಪ್ರತಿ ಇರಿಸಿದ್ದೇವೆ. ಅಲ್ಲಿ ಬರುವ ದೂರುಗಳನ್ನು ಪ್ರತಿ ಭಾನುವಾರ ನಾನೇ ಕೈಯಾರೆ ರ‍್ಯಾಡಿಕಲ್‌ಗೆ ಸೇರಿಸುತ್ತೇನೆ. ಕೆಲಸ ಹೆಚ್ಚಾಗಿದೆ, ಆದರೂ ಸರ್ವರಿನ ಬಾಡಿಗೆಯನ್ನು ಮುಂದಿನ ವರ್ಷಕ್ಕೂ ಕಟ್ಟಿದ್ದೇವೆ.