ದೂರದ ಲೆಕ್ಕವಿಲ್ಲದೆ ಟಾರ್ಪಿಡೊ: ಗುರಿ ಕಟ್ಟುವ ಮೂರು ವಿಧಾನಗಳ ಹೋಲಿಕೆ

ಎರಡನೇ ಮಹಾಯುದ್ಧದ ಜಲಾಂತರ್ಗಾಮಿಗಳನ್ನು ಅನುಕರಿಸುವ ಕಂಪ್ಯೂಟರ್ ಆಟಗಳಲ್ಲಿ ಗುರಿಯ ಲೆಕ್ಕವನ್ನೆಲ್ಲ ಯಂತ್ರವೇ ಮಾಡಿಕೊಡುವ ಸೌಲಭ್ಯವಿರುತ್ತದೆ. ಅದನ್ನು ಬಂದ್ ಮಾಡಿ, ಕೋನಮಾಪಕ, ಸ್ಕೇಲು ಮತ್ತು ಸ್ಟಾಪ್‌ವಾಚ್ ಹಿಡಿದು ಕುಳಿತರೆ ಮಾತ್ರ ಆ ಸಿಬ್ಬಂದಿಯ ತಲೆನೋವು ಅರ್ಥವಾಗುತ್ತದೆ. ಎದುರಿನ ಹಡಗಿನ ದೂರ, ವೇಗ, ಸಾಗುವ ದಿಕ್ಕು ಮೂರೂ ಬೇಕು ಎನ್ನುತ್ತಾರೆ. ಹೊಸಬರು ದೂರಕ್ಕೇ ಜೋತುಬೀಳುತ್ತಾರೆ. ನನ್ನ ಪ್ರಕಾರ ಮೂರರಲ್ಲಿ ಕಡಿಮೆ ತೂಕದ್ದು ಅದೇ.

ಮೊದಲು ಸ್ಟೇಡಿಮೀಟರ್, ಅಂದರೆ ಪೆರಿಸ್ಕೋಪಿನೊಳಗಿನ ದೂರಮಾಪಕದ ವಿಧಾನ. ಪೆರಿಸ್ಕೋಪಿನಲ್ಲಿ ಹಡಗಿನ ಬಿಂಬ ಎರಡಾಗುತ್ತದೆ. ಒಂದರ ನೀರಿನ ಅಂಚನ್ನು ಇನ್ನೊಂದರ ಕಂಬದ ತುದಿಗೆ ಕೂಡಿಸಿದರೆ ದೂರ ಸಿಗುತ್ತದೆ. ಆದರೆ ಕಂಬದ ಎತ್ತರ ಮೊದಲೇ ಗೊತ್ತಿರಬೇಕು. ಎತ್ತರದ ಅಂದಾಜು ಶೇ 10ರಷ್ಟು ತಪ್ಪಿದರೆ ದೂರವೂ ಅಷ್ಟೇ ತಪ್ಪುತ್ತದೆ. ಅಲೆ ಎದ್ದ ದಿನವಂತೂ ಬಿಂಬ ಒಂದೆಡೆ ನಿಲ್ಲುವುದೇ ಇಲ್ಲ. ಹಡಗಿನ ಮೂತಿ ನಮ್ಮ ನೋಟದ ರೇಖೆಗೆ ಎಷ್ಟು ಕೋನದಲ್ಲಿದೆ ಎಂಬುದನ್ನು ಕಣ್ಣಳತೆಯಲ್ಲೇ ಹೇಳಬೇಕು. ಅದು 90 ಡಿಗ್ರಿಯ ಆಸುಪಾಸಿನಲ್ಲಿದ್ದರೆ 10 ಡಿಗ್ರಿ ತಪ್ಪಿದರೂ ನಷ್ಟವಿಲ್ಲ, ಏಕೆಂದರೆ ಹಡಗು ನಮಗೆ ಅಡ್ಡಲಾಗಿ ಸಾಗುವ ವೇಗವನ್ನು ನಿರ್ಧರಿಸುವ ಆ ಕೋನದ ಸೈನ್ ಬೆಲೆ 1ರಿಂದ 0.98ಕ್ಕೆ ಇಳಿಯುತ್ತದೆ ಅಷ್ಟೆ. 30 ಡಿಗ್ರಿಯಲ್ಲಿ ಅದೇ ತಪ್ಪು ದುಬಾರಿ.

ಇಷ್ಟನ್ನೂ ಉಣಿಸಿದ ಮೇಲೆ ಅಮೆರಿಕದವರ ಟಾರ್ಪಿಡೊ ಗಣಕಯಂತ್ರಕ್ಕೆ ಸಾಟಿಯಿಲ್ಲ. ಪೆರಿಸ್ಕೋಪ್ ಇಳಿಸಿದರೂ ಗುರಿ ಈಗ ಎಲ್ಲಿರಬೇಕೆಂದು ಅದು ಎಡೆಬಿಡದೆ ತೋರಿಸುತ್ತದೆ. ಮತ್ತೆ ಇಣುಕಿದಾಗ ಕಂಡದ್ದಕ್ಕೂ ಯಂತ್ರ ಹೇಳಿದ್ದಕ್ಕೂ ಎಷ್ಟು ಅಂತರವಿದೆಯೋ ಅಷ್ಟು ತಿದ್ದಿದರಾಯಿತು.

ನೀರಿನೊಳಗಿನ ಸದ್ದು ಕೇಳಿಸುವ ಹೈಡ್ರೋಫೋನ್ ಕಿವಿಗಿಟ್ಟು ದಿಕ್ಕನ್ನು ಮಾತ್ರ ನಂಬುವ ವಿಧಾನ ಎರಡನೆಯದು. ನಾವು ನಿಂತಲ್ಲೇ ನಿಂತು, ಸಮಾನ ಅಂತರದಲ್ಲಿ ಮೂರು ಸಲ ದಿಕ್ಕು ಗುರುತಿಸಿದರೆ ಗುರಿಯ ಪಥದ ಓರೆ ತಿಳಿಯುತ್ತದೆ; ವೇಗವಾಗಲಿ ದೂರವಾಗಲಿ ತಿಳಿಯುವುದಿಲ್ಲ. ಅದಕ್ಕಾಗಿ ನಾವೇ ಜಾಗ ಬದಲಿಸಿ ಮತ್ತೆ ಕೇಳಬೇಕು. ಹೀಗೆ ಕಾಗದದ ಮೇಲೆ ಗೆರೆ ಎಳೆಯುತ್ತ ಕೂರುವಷ್ಟರಲ್ಲಿ ಹಡಗು ಕೈತಪ್ಪಿರುತ್ತದೆ. ನನಗಂತೂ ತಾಳ್ಮೆ ಸಾಲಲಿಲ್ಲ. 1945ರ ಫೆಬ್ರವರಿ 9ರಂದು ನಾರ್ವೆಯ ಫೆಡ್ಯೆ ದ್ವೀಪದ ಬಳಿ ಬ್ರಿಟನ್ನಿನ ಜಲಾಂತರ್ಗಾಮಿ ವೆಂಚರರ್, ಮುಖ್ಯವಾಗಿ ಸದ್ದನ್ನೇ ನೆಚ್ಚಿ, ಮುಳುಗಿ ಅಂಕುಡೊಂಕಾಗಿ ಸಾಗುತ್ತಿದ್ದ ಜರ್ಮನಿಯ ಜಲಾಂತರ್ಗಾಮಿ ಯು-864 ಅನ್ನು ಹೊಡೆಯಿತು. ವೆಂಚರರ್‌ನ ನಾಯಕ ಲಾಂಡರ್ಸ್ ಬಿಟ್ಟ ನಾಲ್ಕು ಟಾರ್ಪಿಡೊಗಳಲ್ಲಿ ಕೊನೆಯದು ತಾಗಿತು. ಈ ವಿಧಾನ ಪ್ರಯತ್ನಿಸಿದವರಿಗೇ ಆ ಸಾಧನೆಯ ಬೆಲೆ ಗೊತ್ತು.

ಮೂರನೆಯದು ನನ್ನ ಆಯ್ಕೆ. ಮೊದಲು ವೇಗ ಕಂಡುಕೊಳ್ಳಬೇಕು. ನಮ್ಮ ದೋಣಿಯನ್ನು, ಅಂದರೆ ಜಲಾಂತರ್ಗಾಮಿಯನ್ನು, ಬಹುತೇಕ ನಿಲ್ಲಿಸಿ, ಪೆರಿಸ್ಕೋಪನ್ನು ಅಲುಗಿಸದೆ, ಹಡಗಿನ ಮೂತಿ ನಡುಗೆರೆಗೆ ತಾಗಿದಾಗ ಗಡಿಯಾರ ಒತ್ತಿ, ಹಿಂಭಾಗ ದಾಟಿದಾಗ ನಿಲ್ಲಿಸಬೇಕು. 120 ಮೀಟರ್ ಉದ್ದದ ಹಡಗಿಗೆ 24 ಸೆಕೆಂಡು ಹಿಡಿದರೆ ವೇಗ ಸೆಕೆಂಡಿಗೆ 5 ಮೀಟರ್, ಅಂದರೆ ಸುಮಾರು 10 ನಾಟ್ (ಗಂಟೆಗೆ 10 ನಾವಿಕ ಮೈಲಿ). ಹಡಗು ಓರೆಯಾಗಿ ಸಾಗುತ್ತಿದ್ದರೂ ಈ ಲೆಕ್ಕ ಕೆಡುವುದಿಲ್ಲ. ಬೇಕಾದದ್ದು ಅದರ ಉದ್ದವೊಂದೇ.

ಬಳಿಕ ನಮ್ಮ ದೋಣಿಯನ್ನು ಹಡಗಿನ ಪಥಕ್ಕೆ ಲಂಬವಾಗಿ ತಿರುಗಿಸಬೇಕು. ಟಾರ್ಪಿಡೊದ ವೇಗ 30 ನಾಟ್ ಆದರೆ, ಹಡಗು ಬರುವ ಬದಿಗೆ ಪೆರಿಸ್ಕೋಪನ್ನು 18 ಡಿಗ್ರಿ ಹೊರಳಿಸಿ ಕಾಯಬೇಕು. ಅದರ ನಡುಭಾಗ ಗೆರೆಗೆ ಬಂದ ಕ್ಷಣ ಟಾರ್ಪಿಡೊವನ್ನು ನೇರ ಮುಂದಕ್ಕೆ ಬಿಡಬೇಕು. ಟಾರ್ಪಿಡೊ ತಿರುವು ತೆಗೆದುಕೊಳ್ಳದೆ ನೇರ ಓಡುವುದರಿಂದ 600 ಮೀಟರಾದರೇನು, 1,200 ಆದರೇನು, ಕೋನ ಅದೇ. ಸ್ಟೇಡಿಮೀಟರಿನ ಗೋಜೇ ಇಲ್ಲ.

ಹಾಗೆಂದು ದೂರ ಪೂರ್ತಿ ಅಪ್ರಸ್ತುತವಲ್ಲ. ವೇಗದ ಅಂದಾಜು 1 ನಾಟ್ ತಪ್ಪಿದ್ದರೆ 1,000 ಮೀಟರಿನಲ್ಲಿ ಟಾರ್ಪಿಡೊ ಸುಮಾರು 33 ಮೀಟರ್ ಪಕ್ಕಕ್ಕೆ ಹೋಗುತ್ತದೆ. ಆದರೂ ಹಡಗಿಗೆ ತಗಲುತ್ತದೆ. 2,000 ಮೀಟರಿನಲ್ಲಿ ಆ ಅಂತರ 67 ಮೀಟರ್, ಹಡಗಿನ ಅರ್ಧ ಉದ್ದಕ್ಕಿಂತ ಹೆಚ್ಚು. ಅಷ್ಟು ದೂರದಿಂದ ನಾನು ಹೊಡೆಯುವುದಿಲ್ಲ, ಹತ್ತಿರ ಬರಲು ಬಿಡುತ್ತೇನೆ. ಕಾವಲು ಹಡಗುಗಳಿದ್ದಾಗ ಈ ಕಾಯುವಿಕೆ ಅಪಾಯಕಾರಿ. ಗುರಿ ಅಂಕುಡೊಂಕಾಗಿ ಓಡತೊಡಗಿದರೆ ಲಂಬದ ಲೆಕ್ಕವೇ ಕುಸಿಯುತ್ತದೆ. ಆಗ ಮಾತ್ರ ಗೊಣಗುತ್ತಲೇ ಸ್ಟೇಡಿಮೀಟರಿಗೂ ಗಣಕಯಂತ್ರಕ್ಕೂ ಮರಳುತ್ತೇನೆ.