ಒಂದೇ ಸಿನಿಮಾ, ಮೂರು ಹಾಲ್: ನಾನಂತೂ ಹಳೇ ಸಿಂಗಲ್ ಸ್ಕ್ರೀನ್‌ಗೇ ಹೋಗೋದು

ಹೋದ ತಿಂಗಳು ಒಂದೇ ಸಿನಿಮಾನ ಮೂರು ಕಡೆ ನೋಡಿದೆ. ಮೊದಲು ಮಲ್ಟಿಪ್ಲೆಕ್ಸಲ್ಲಿ, ಅಲ್ಲಿ ದುಡ್ಡು ದಂಡ ಆಯ್ತು ಅಂತ ಬೇಜಾರಾಗಿ ಮತ್ತೆ ಹಳೇ ಸಿಂಗಲ್ ಸ್ಕ್ರೀನಲ್ಲಿ, ಆಮೇಲೆ ಫ್ರೆಂಡ್ ಬಲವಂತ ಮಾಡಿದ್ದಕ್ಕೆ ಅಲುಗಾಡೋ ಸೀಟಿನ ಹಾಲಲ್ಲಿ. ಸಿಂಗಲ್ ಸ್ಕ್ರೀನೇ ನನಗಿಷ್ಟ, ಮೊದಲೇ ಹೇಳ್ಬಿಡ್ತೀನಿ.

ಮಲ್ಟಿಪ್ಲೆಕ್ಸಲ್ಲಿ ಆಗಿದ್ದು ಇದು. ಸಿನಿಮಾದಲ್ಲಿ ಅರ್ಧಕ್ಕರ್ಧ ರಾತ್ರಿ ಸೀನ್‌ಗಳು, ಮುಖ ಕಾಣ್ತಿಲ್ಲ, ಯಾರು ಎಲ್ಲಿ ನಿಂತಿದಾರೆ ಅಂತಾನೂ ಗೊತ್ತಾಗ್ತಿಲ್ಲ, ಡೈರೆಕ್ಟರ್ರೇ ಹಿಂಗೆ ತೆಗೆದಿರಬೇಕು ಅಂತ ಅರ್ಧ ಗಂಟೆ ಸುಮ್ನೆ ಕೂತಿದ್ದೆ. ಮಟಮಟ ಮಧ್ಯಾಹ್ನದ ಸೀನೂ ಮುಸ್ಸಂಜೆ ಥರ ಕಂಡಾಗ ಅನುಮಾನ ಬಂತು. ಹಿಂದೆ ತಿರುಗಿ ಪ್ರೊಜೆಕ್ಟರ್ ಕಿಟಕಿ ನೋಡಿದ್ರೆ ಒಂದರ ಮೇಲೊಂದು ಎರಡು ಬೆಳಕು. ಅಂದ್ರೆ 3ಡಿ ಶೋಗೆ ಹಾಕಿದ್ದ, ಎರಡು ಕಣ್ಣಿಗೂ ಬೇರೆ ಬೇರೆ ಚಿತ್ರ ಕಳಿಸೋ ಲೆನ್ಸ್ ಹಾಗೇ ಬಿಟ್ಟು 2ಡಿ ಸಿನಿಮಾ ಓಡಿಸ್ತಿದಾರೆ!

ಇದು ಸಣ್ಣ ವಿಷಯ ಅಲ್ಲ. ಡಿಜಿಟಲ್ ಸಿನಿಮಾದ ಸ್ಟ್ಯಾಂಡರ್ಡ್ ಪ್ರಕಾರ ಪರದೆ ಪೂರ್ತಿ ಬಿಳಿ ಇದ್ದಾಗ ಅದರ ಮೇಲೆ ಪ್ರತಿ ಚದರ ಮೀಟರ್‌ಗೆ 48 ಕ್ಯಾಂಡೆಲಾ (ಬೆಳಕು ಅಳೆಯೋ ಲೆಕ್ಕ) ಬೆಳಕಿರಬೇಕು. ಆ 3ಡಿ ಲೆನ್ಸಲ್ಲಿ ಪೋಲರೈಸಿಂಗ್ ಫಿಲ್ಟರ್, ಅಂದ್ರೆ ಒಂದು ಥರದ ಬೆಳಕನ್ನ ಮಾತ್ರ ಬಿಟ್ಟು ಉಳಿದದ್ದು ತಡೆಯೋ ಫಿಲ್ಟರ್ ಇರತ್ತೆ, ಬೆಳಕಿನ ದೊಡ್ಡ ಭಾಗ ಅದೇ ನುಂಗತ್ತೆ. ಹೊರಗೆ ಹೋಗಿ ಸ್ಟಾಫ್‌ಗೆ ಹೇಳಿದೆ, ಒಬ್ರು ಬಂದು ಬಾಗಿಲಲ್ಲೇ ನಿಂತು ನೋಡಿ "ಪಿಕ್ಚರೇ ಹಂಗಿದೆ ಸರ್" ಅಂದ್ಬಿಟ್ರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಯಾಕಂದ್ರೆ ಈಗ ಎಷ್ಟೋ ಕಡೆ ಶೋಗಳೆಲ್ಲ ಕಂಪ್ಯೂಟರಲ್ಲಿ ಶೆಡ್ಯೂಲ್ ಆಗಿರತ್ತೆ, ಟೈಮಿಗೆ ಸರಿಯಾಗಿ ತಾನೇ ಶುರುವಾಗತ್ತೆ, ಲೈಟೂ ತಾನೇ ಆಫ್ ಆಗತ್ತೆ, ಕ್ಯಾಬಿನ್ನಲ್ಲಿ ಕೂತು ಪರದೆ ನೋಡೋ ಮನುಷ್ಯನೇ ಇರಲ್ಲ. ಸೀಟು ಎಷ್ಟು ಮೆತ್ತಗಿದ್ರೆ ಏನು ಬಂತು, ನಾನು ಹೋಗಿದ್ದು ಸಿನಿಮಾ ನೋಡೋಕೆ.

ಸಿಂಗಲ್ ಸ್ಕ್ರೀನಲ್ಲಿ ಅದೇ ರಾತ್ರಿ ಸೀನ್, ನಾಯಕಿ ಕಣ್ಣಲ್ಲಿ ನೀರು ತುಂಬಿರೋದು ಅಲ್ಲೇ ನನಗೆ ಮೊದಲ ಸಲ ಕಂಡಿದ್ದು. ಸಿನಿಮಾ ಶುರುವಾದ ಮೇಲೆ ಆಪರೇಟರ್ ಬಾಲ್ಕನಿಗೆ ಇಳಿದು ಬಂದು ಎರಡು ನಿಮಿಷ ಪರದೆ ನೋಡಿ, ಸೌಂಡ್ ಕೇಳಿಸ್ಕೊಂಡು ಹೋದ್ರು. ಪರದೆ ಅಕ್ಕಪಕ್ಕದ ಕರಿ ಬಟ್ಟೇನ ಸಿನಿಮಾದ ಅಗಲಕ್ಕೆ ಸರಿಯಾಗಿ ಎಳೆದಿದ್ರು. ಮಲ್ಟಿಪ್ಲೆಕ್ಸಲ್ಲಿ ಆ ಬಟ್ಟೇನೇ ಇರ್ಲಿಲ್ಲ, ಮೇಲೆ ಕೆಳಗೆ ಬೂದು ಪಟ್ಟಿ ಕಾಣ್ತಿತ್ತು. ಸೌಂಡ್ ಬರೀ 5.1 (ಐದು ಕಡೆಯಿಂದ ಬರೋ ಸದ್ದು, ಜೊತೆಗೆ ದಪ್ಪ ಸದ್ದಿಗೆ ಒಂದು), ಆದ್ರೆ ಡೈಲಾಗ್ ಒಂದೊಂದು ಮಾತೂ ಸ್ಪಷ್ಟ. ಸೀಟು ಗಟ್ಟಿ, ಕಾಲು ಚಾಚೋಕೂ ಜಾಗ ಕಮ್ಮಿ, ಒಪ್ಕೋತೀನಿ.

ಅಲುಗಾಡೋ ಸೀಟು: ಫೈಟ್ ಬಂದಾಗ ಬೆನ್ನಿಗೆ ಗುದ್ದತ್ತೆ, ಮಳೆ ಬಂದಾಗ ಕನ್ನಡಕದ ಮೇಲೆ ನೀರು. ನನಗೆ ಒಂದೇ ಸಲ ಸಾಕು.

ಡಾಲ್ಬಿ ಅಟ್ಮಾಸ್ ವಿಷಯದಲ್ಲಿ ಮಾತ್ರ ಮಲ್ಟಿಪ್ಲೆಕ್ಸ್ ಗೆಲ್ಲತ್ತೆ. 2012ರಲ್ಲಿ ಬಂದ ಈ ಸಿಸ್ಟಮಲ್ಲಿ ಶಬ್ದ ತಲೆ ಮೇಲಿಂದಾನೂ ಬರತ್ತೆ, ಹೆಲಿಕಾಪ್ಟರ್ ಸೀನಲ್ಲಿ ನಿಜವಾಗ್ಲೂ ತಲೆ ಎತ್ತಿ ನೋಡಿದೆ. ಇನ್ನು ಐಮ್ಯಾಕ್ಸ್ ಅನ್ನೋ ದೊಡ್ಡ, ಎತ್ತರದ ಪರದೆ ಹಾಲ್‌ಗೆ ವರ್ಷಕ್ಕೊಂದ್ಸಲ ಹೋಗ್ತೀನಿ, ಅದೂ 1.90 ಅಥವಾ 1.43 ಅಳತೆಗೆ (ಎತ್ತರದ ಎಷ್ಟು ಪಟ್ಟು ಅಗಲ ಅನ್ನೋ ಲೆಕ್ಕ) ತೆಗೆದ ಸೀನ್‌ಗಳಿದ್ರೆ ಮಾತ್ರ. ಪೂರ್ತಿ 2.39 ಅಗಲದ ಸಿನಿಮಾ ಆದ್ರೆ ಮೇಲೆ ಕೆಳಗೆ ಖಾಲಿ ಪಟ್ಟಿ ಉಳಿಯತ್ತೆ, ಆ ಜಾಗಕ್ಕೂ ಸೇರಿಸಿ ದುಡ್ಡು ಕೊಟ್ಟಂಗೆ ಅನ್ಸತ್ತೆ ನನಗೆ.

ನಾನು ತಿಂಗಳಿಗೆ ಮೂರು ಸಿನಿಮಾ ನೋಡೋನು, ಒಬ್ನೇ ಹೋಗೋದು, ಅದೂ ರಜೆ ಇಲ್ಲದ ದಿನ. ಮಲ್ಟಿಪ್ಲೆಕ್ಸ್ ಆದ್ರೆ ಒಂದಕ್ಕೇ ಬಜೆಟ್ ಮುಗಿಯತ್ತೆ. ವಯಸ್ಸಾದವರನ್ನ ಕರ್ಕೊಂಡು ಹೋಗೋರಿಗೆ, ಲಿಫ್ಟ್ ಬೇಕಾದವರಿಗೆ ಲೆಕ್ಕ ಬೇರೆ, ಅವರು ಮಲ್ಟಿಪ್ಲೆಕ್ಸಿಗೇ ಹೋಗ್ಲಿ. ಆದ್ರೆ 2ಡಿ ಸಿನಿಮಾ ಶುರುವಾದ ಕೂಡ್ಲೇ ಒಂದ್ಸಲ ಹಿಂದೆ ತಿರುಗಿ ಕಿಟಕಿ ನೋಡಿ. ಎರಡು ಪ್ರೊಜೆಕ್ಟರ್ ಇಟ್ಟಿರೋ ದೊಡ್ಡ ಪರದೆ ಹಾಲ್ ಬಿಟ್ಟು ಬೇರೆ ಕಡೆ ಎರಡು ಬೆಳಕು ಕಂಡು ಚಿತ್ರಾನೂ ಮಂಕಾಗಿದ್ರೆ ತಕ್ಷಣ ಎದ್ದು ಹೋಗಿ ಹೇಳಿ, ನನ್ನ ಥರ ಅರ್ಧ ಗಂಟೆ ಕಾಯ್ಬೇಡಿ.