ಇಸಬ್‌ಗೋಲ್, ತ್ರಿಫಲ, ಹರಳೆಣ್ಣೆ, ಸೀಬೆಹಣ್ಣು: ನನ್ನ ಹೊಟ್ಟೆಗೆ ಒಗ್ಗಿದ್ದು ಯಾವುದು?

ಹಿಮೋಗ್ಲೋಬಿನ್ 9ಕ್ಕೆ ಇಳಿದಿದೆ ಅಂತ ಡಾಕ್ಟರು ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟ ಮೇಲೆ ನನ್ನ ಮಲಬದ್ಧತೆ ಮಿತಿಮೀರಿತು. ತೊಂದರೆ ಅದಕ್ಕೂ ಮುಂಚೆಯೇ ಇತ್ತು. ನಾನು ಟೀಚರು. ಆಗ ಇದ್ದ ಶಾಲೆಯಲ್ಲಿ ನಮಗೆಲ್ಲ ಸೇರಿ ಒಂದೇ ಶೌಚಾಲಯ, ಅದಕ್ಕೂ ಚಿಲಕ ನೆಟ್ಟಗಿರಲಿಲ್ಲ. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆ ಮನೆ ಸೇರುವವರೆಗೂ ನೀರು ಮುಟ್ಟುತ್ತಿರಲಿಲ್ಲ. ಬಂದದ್ದನ್ನು ತಡೆದುಕೊಳ್ಳುವುದು ಅಭ್ಯಾಸವಾಗಿಹೋಗಿತ್ತು. ಮಾತ್ರೆ ಶುರುವಾದ ಮೇಲೆ ನಾಲ್ಕು ದಿನಕ್ಕೊಮ್ಮೆ ಹೋಗುವುದು, ಅದೂ ಆಡಿನ ಹಿಕ್ಕೆಯಂಥ ಗಟ್ಟಿ ಉಂಡೆ. ವಾರಕ್ಕೆ ಮೂರು ಸಲವೂ ಆಗದಿದ್ದರೆ, ಪ್ರತಿ ಸಲ ತಿಣುಕಬೇಕಾದರೆ ಅದನ್ನು ಮಲಬದ್ಧತೆ ಅನ್ನುತ್ತಾರೆ. ನನಗೆ ಎರಡೂ ಇತ್ತು.

ಆರು ತಿಂಗಳಲ್ಲಿ ಒಂದಾದ ಮೇಲೊಂದು ಮದ್ದು ಮಾಡಿ ನೋಡಿದೆ.

ಮೊದಲನೆಯದು ಅತ್ತೆ ಕೊಟ್ಟ ಹರಳೆಣ್ಣೆ. ಬಿಸಿ ಕಾಫಿಗೆ ಎರಡು ಚಮಚ ಹಾಕಿ ಮೂಗು ಹಿಡಿದು ಕುಡಿದೆ. ನಾಲ್ಕು ಗಂಟೆಯೊಳಗೆ ಹೊಟ್ಟೆ ಹಿಂಡಿ ಹಿಂಡಿ ಎಲ್ಲಾ ಖಾಲಿಯಾಯಿತು. ಆಮೇಲೆ ಎರಡು ದಿನ ಏನೂ ಇಲ್ಲ. ಕರುಳು ಪೂರ್ತಿ ಬರಿದಾದಾಗ ಮತ್ತೆ ತುಂಬಲು ಸಮಯ ಬೇಕು. ಅದನ್ನೇ ಮಲಬದ್ಧತೆ ಮರಳಿತು ಅಂದುಕೊಂಡು ಪುನಃ ಎಣ್ಣೆ ಕುಡಿಯುವವರಿದ್ದಾರೆ. ಎಂದೋ ಒಮ್ಮೆಗೆ ಸರಿ, ದಿನದ ಮದ್ದಲ್ಲ. ಬಸುರಿಯರಂತೂ ಮುಟ್ಟಲೇಬಾರದು.

ಆಮೇಲೆ ಗ್ರಂಧಿಗೆ ಅಂಗಡಿಯಿಂದ ತಂದ ಒಂದು ಚೂರ್ಣ. ಮೊದಲ ರಾತ್ರಿಯೇ ಫಲ ಕೊಟ್ಟಿತು, ಖುಷಿಯಾಯಿತು. ಮೂರನೇ ವಾರಕ್ಕೆ ಒಂದು ಚಮಚ ಸಾಲದೆ ಎರಡಾಯಿತು. ಆಗ ಪೊಟ್ಟಣ ತಿರುಗಿಸಿ ಓದಿದೆ: ಸೋನಾಮುಖಿ. ಕರುಳನ್ನು ಕೆರಳಿಸಿ ದೂಡುವ ಎಲೆ ಅದು. ಗಿಡಮೂಲಿಕೆ ಅಂದಮಾತ್ರಕ್ಕೆ ದಿನಾ ತಿನ್ನುವಂಥದ್ದಲ್ಲ. ಡಾಕ್ಟರನ್ನು ಕೇಳದೆ ಒಂದು ವಾರ ದಾಟಿಸಬೇಡಿ. ಚೂರ್ಣ ಕೊಳ್ಳುವಾಗ ಅದರಲ್ಲಿ ಏನೇನಿದೆ ಅಂತ ಓದಿ. ನಾನು ಓದಿದ್ದು ತಡವಾಗಿ.

ತ್ರಿಫಲ ಇದಕ್ಕಿಂತ ಎಷ್ಟೋ ಸೌಮ್ಯ. ಅಳಲೆ, ತಾರೆ, ನೆಲ್ಲಿ ಮೂರರ ಪುಡಿ. ರಾತ್ರಿ ಮಲಗುವಾಗ ಬಿಸಿನೀರಿನಲ್ಲಿ ಒಂದು ಚಮಚ. ಒಗರಿಗೆ ನಾಲಿಗೆ ಜಡ್ಡಾಗುತ್ತದೆ. ಐದನೇ ದಿನದಿಂದ ಹೊಟ್ಟೆ ಸಡಿಲವಾಯಿತು, ಆದರೆ ಕೆಲವು ದಿನ ಕ್ಲಾಸಿನ ಮಧ್ಯೆಯೇ ಅವಸರವಾಗುತ್ತಿತ್ತು. ಆ ಶಾಲೆಯಲ್ಲಿ ಅದು ನನಗೆ ನಡೆಯುವಂತಿರಲಿಲ್ಲ.

ಇಸಬ್‌ಗೋಲ್ ವಿಷಯದಲ್ಲಿ ತಪ್ಪು ನನ್ನದೇ. ಬಸ್ಸಿಗೆ ಹೊತ್ತಾಗುತ್ತದೆ ಅಂತ ಅರ್ಧ ಲೋಟ ನೀರಿನಲ್ಲಿ ಕಲಸಿಟ್ಟು ಜಡೆ ಹಾಕಿಕೊಂಡು ಬರುವಷ್ಟರಲ್ಲಿ ಗಂಜಿಯಾಗಿತ್ತು, ಚಮಚ ನಿಲ್ಲುವಷ್ಟು ಗಟ್ಟಿ. ಹಾಗೇ ನುಂಗಿದೆ. ದಿನವಿಡೀ ನೀರೂ ಕುಡಿಯಲಿಲ್ಲ. ಹೊಟ್ಟೆ ಕಲ್ಲಾಯಿತು. ಲೋಟದಲ್ಲಿ ನೀರು ಹೀರಿ ಉಬ್ಬಿದ ಹಾಗೆಯೇ ಅದು ಕರುಳಿನಲ್ಲೂ ನೀರು ಹಿಡಿದಿಟ್ಟು ಮಲವನ್ನು ಮೆತ್ತಗೆ ಮಾಡಬೇಕು. ನೀರೇ ಇಲ್ಲದಿದ್ದರೆ ಕಟ್ಟಿಕೊಳ್ಳುತ್ತದೆ. ತುಂಬಿದ ಲೋಟದಲ್ಲಿ ಕಲಸಿ ತಕ್ಷಣ ಕುಡಿದು, ಮೇಲೆ ಇನ್ನೊಂದು ಲೋಟ ಕುಡಿಯಲು ಶುರುಮಾಡಿದ ಮೂರನೇ ದಿನಕ್ಕೆ ಗುಣ ಕಂಡಿತು. ಬೇರೆ ಮಾತ್ರೆ ತೆಗೆದುಕೊಳ್ಳುವವರು ಎರಡು ಗಂಟೆ ಅಂತರ ಬಿಡಬೇಕು. ಅಂಗಡಿಯಲ್ಲಿ ಸಿಗುವವುಗಳ ಪೈಕಿ ನಾನು ಒಪ್ಪುವುದು ಇದೊಂದನ್ನೇ.

ಬಾಳೆಹಣ್ಣಿನಿಂದ ನನಗೆ ಹೆಚ್ಚೂ ಆಗಲಿಲ್ಲ, ಕಮ್ಮಿಯೂ ಆಗಲಿಲ್ಲ.

ಇವೆಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ತಟ್ಟೆ ಬದಲಾಯಿಸಿದ್ದು. ದಿನಕ್ಕೆ ಸುಮಾರು 30 ಗ್ರಾಂ ನಾರು ಬೇಕು. ಬಿಳಿ ಅಕ್ಕಿಯ 100 ಗ್ರಾಮಿನಲ್ಲಿ 3 ಗ್ರಾಮೂ ಇಲ್ಲ, ಅಷ್ಟೇ ರಾಗಿ ಹಿಟ್ಟಿನಲ್ಲಿ 11 ಗ್ರಾಂ ಇದೆ. ನನ್ನದು ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಚಿತ್ರಾನ್ನ, ರಾತ್ರಿ ಅನ್ನ ಸಾರು, ಹೀಗೆ ಮೂರು ಹೊತ್ತೂ ಅಕ್ಕಿ. ರಾತ್ರಿಗೆ ಮುದ್ದೆ ಮತ್ತು ಸೊಪ್ಪಿನ ಬಸ್ಸಾರು ಮಾಡಿದೆ, ಪಲ್ಯ ಸಮೇತ. ಸಂಜೆ ಒಂದು ಸೀಬೆಹಣ್ಣು, ಬೀಜ ಸಿಪ್ಪೆ ಬಿಡದೆ. ಮೊದಲ ವಾರ ಗ್ಯಾಸು ತುಂಬಿ ಒದ್ದಾಡಿದೆ. ಒಟ್ಟಿಗೇ ಹೆಚ್ಚಿಸಬಾರದಿತ್ತು, ಒಂದೊಂದಾಗಿ ಸೇರಿಸುತ್ತಾ ಹೋಗಬೇಕು.

ಆದರೂ ಊಟ ಬದಲಾದರೆ ಸಾಲದು. ಮಲ ಒಳಗೆ ಕೂತಷ್ಟು ಹೊತ್ತು ದೊಡ್ಡ ಕರುಳು ಅದರ ನೀರನ್ನು ಹೀರುತ್ತಲೇ ಇರುತ್ತದೆ. ತಡೆದು ತಡೆದು ಕೊನೆಗೆ ಒತ್ತಡ ಬಂದದ್ದೇ ಗೊತ್ತಾಗುವುದಿಲ್ಲ. ನನ್ನ ಕಾಯಿಲೆಯ ಬೇರು ಇದು. ಅದಕ್ಕೆ ಅರ್ಧ ಗಂಟೆ ಮುಂಚೆ ಎದ್ದೆ. ತಿಂಡಿ ತಿಂದ ಮೇಲೆ ಕರುಳು ತಾನಾಗಿ ಚುರುಕಾಗುತ್ತದೆ, ಆಗ ಹತ್ತು ನಿಮಿಷ ಕೂರುತ್ತೇನೆ, ಫೋನು ಒಯ್ಯುವುದಿಲ್ಲ. ಅಪಾರ್ಟ್‌ಮೆಂಟಿನ ಕಮೋಡಿನ ಮುಂದೆ ಮಗಳ ಸ್ನಾನದ ಸ್ಟೂಲು ಇಟ್ಟು ಅದರ ಮೇಲೆ ಪಾದ ಇಡುತ್ತೇನೆ. ತವರಿನಲ್ಲಿ ಕುಕ್ಕರುಗಾಲಿನಲ್ಲಿ ಕೂರುತ್ತಿದ್ದಂತೆ ಮಂಡಿ ಸೊಂಟಕ್ಕಿಂತ ಮೇಲೆ ಬರುತ್ತದೆ, ಗುದದ್ವಾರವನ್ನು ಬಿಗಿಹಿಡಿದ ಸ್ನಾಯು ಸಡಿಲಾಗುತ್ತದೆ. ತಿಣುಕುವುದು ನಿಂತದ್ದು ಅವತ್ತಿನಿಂದ. ಡಾಕ್ಟರನ್ನು ಕೇಳಿ ಕಬ್ಬಿಣದ ಮಾತ್ರೆಯನ್ನೂ ದಿನ ಬಿಟ್ಟು ದಿನಕ್ಕೆ ಇಳಿಸಿಕೊಂಡೆ.

ರಕ್ತ ಬಿದ್ದರೆ, ಕಾರಣವಿಲ್ಲದೆ ತೂಕ ಇಳಿದರೆ, 50 ದಾಟಿದವರಿಗೆ ಇದ್ದಕ್ಕಿದ್ದಂತೆ ಅಭ್ಯಾಸ ಬದಲಾದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ. ಹೊಟ್ಟೆ ಉಬ್ಬಿ ಗಾಳಿಯೂ ಹೋಗದೆ ವಾಂತಿ ಶುರುವಾದರೆ ಅವತ್ತೇ ಆಸ್ಪತ್ರೆಗೆ.

ಈಗ ಬೇರೆ ಶಾಲೆಯಲ್ಲಿದ್ದೇನೆ. ನನ್ನ ಏಳನೇ ಕ್ಲಾಸಿನ ಹುಡುಗಿಯರ ನೀರಿನ ಬಾಟಲಿಗಳು ಸಂಜೆಯಾದರೂ ತುಂಬಿಯೇ ಇರುತ್ತಿದ್ದವು. ಯಾಕೆ ಅಂತ ಕೇಳಬೇಕಾಗಲಿಲ್ಲ. ಎರಡನೇ ಪೀರಿಯಡ್ ಮುಗಿದ ಕೂಡಲೇ ಎಲ್ಲರಿಗೂ ನೀರು ಕುಡಿಸಿ, ಹೋಗಿಬನ್ನಿ ಅಂತ ಕಳಿಸುತ್ತೇನೆ. ಬಾಗಿಲ ಚಿಲಕ ನಾನೇ ಮುಂದೆ ನಿಂತು ಹಾಕಿಸಿದ್ದೇನೆ.